ಒಡೆಯನ ಅನುಮತಿ ಮತ್ತು ಅದರ ಹಿಂತೆಗೆತ

ಡೇಟಾಬೇಸಿನಲ್ಲಿ ಕೋಷ್ಟಕವೊಂದನ್ನು ರಚಿಸಿದವನೇ ಸಾಮಾನ್ಯವಾಗಿ ಅದರ ಒಡೆಯನೆನಿಸುವನು. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ನಿರ್ಣಯಿಸುವ ಅಧಿಕಾರವೂ ಅವನದೇ. ಇದಕ್ಕೆ ವಿವೇಚನಾಧೀನ ನಿಯಂತ್ರಣವೆನ್ನಬಹುದು. ಯಾರಿಗೆ ಯಾವ ವಸ್ತುವಿನ ಮೇಲೆ ಯಾವ ಹಕ್ಕುಂಟೆಂಬುದನ್ನು ೧೯೭೧ರಲ್ಲಿ ಬಟ್ಲರ್ ಲ್ಯಾಂಪ್ಸನ್ನರು ಚೌಕಪಟ್ಟಿಯ ರೂಪದಲ್ಲಿ ನಿರೂಪಿಸಿದರು. ಪಟ್ಟಿಯನ್ನು ಬರೆಯುವುದು ಸುಲಭ. ಬರೆದುದನ್ನು ಅಳಿಸುವುದು ಹೇಗೆಂಬುದೇ ಕಷ್ಟದ ಮಾತು.

ನಮ್ಮ ಶಾಸನಗಳು ಹೇಳುವ ದಾನ ಆಚಂದ್ರಾರ್ಕವಾದುದು. ಡೇಟಾಬೇಸಿನ ದಾನವಾದರೋ ಕೊಟ್ಟವನ ಇಚ್ಛೆಯಿದ್ದಷ್ಟು ಕಾಲ ಮಾತ್ರ. ಪಡೆದವನು ಅದನ್ನು ಇತರರಿಗೆ ಹಂಚುವ ಹಕ್ಕನ್ನೂ ಪಡೆದಿದ್ದರೆ ತೊಡಕು ತಲೆದೋರುತ್ತದೆ. ಒಡೆಯನು ಹತ್ತು ಗಂಟೆಗೆ ರಾಮನಿಗೂ, ರಾಮನು ಹನ್ನೊಂದಕ್ಕೆ ಭೀಮನಿಗೂ, ಭೀಮನು ಹನ್ನೆರಡಕ್ಕೆ ಮರಳಿ ರಾಮನಿಗೂ ಅನುಮತಿ ಕೊಟ್ಟರೆಂದು ಭಾವಿಸೋಣ. ಒಡೆಯನು ತನ್ನ ಅನುಮತಿಯನ್ನು ಹಿಂತೆಗೆದುಕೊಂಡ ಮೇಲೂ ರಾಮನು ಭೀಮನನ್ನೂ, ಭೀಮನು ರಾಮನನ್ನೂ ತೋರಿಸಿ ಹಕ್ಕನ್ನು ಸಾಧಿಸಬಹುದಲ್ಲವೆ?

ಐ.ಬಿ.ಎಂ. ಸಂಸ್ಥೆಯ 'ಸಿಸ್ಟಮ್ ಆರ್' ಯೋಜನೆಗಾಗಿ ಪೆಟ್ರಿಷಿಯ ಗ್ರಿಫಿತ್ಸ್ ಮತ್ತು ಬ್ರಾಡ್‌ಫರ್ಡ್ ವೇಡ್ ೧೯೭೬ರಲ್ಲಿ ಕೊಟ್ಟ ಪರಿಹಾರ ಇತಿಹಾಸದ ಅಧ್ಯಾಪಕರಾದ ನಮಗೆ ವಿಶೇಷವಾಗಿ ರುಚಿಸುತ್ತದೆ. ಹಿಂತೆಗೆದ ಬಳಿಕ, ಆ ಅನುಮತಿ ಎಂದೂ ಕೊಡಲ್ಪಟ್ಟಿರಲಿಲ್ಲವೋ ಎಂಬಂತೆ ಸ್ಥಿತಿಯಿರಬೇಕೆಂಬುದು ಅವರ ಸೂತ್ರ. ಅದಕ್ಕಾಗಿ ಪ್ರತಿಯೊಂದು ದಾನಕ್ಕೂ ಕಾಲಮುದ್ರೆಯೊತ್ತಲಾಯಿತು. ರಾಮನಿಗೆ ಈಗ ಉಳಿದಿರುವುದು ಹನ್ನೆರಡರ ಹಕ್ಕು. ಹನ್ನೊಂದಕ್ಕೆ ಕೊಟ್ಟ ದಾನವನ್ನು ಅದು ಸಮರ್ಥಿಸಲಾರದು. ಆದುದರಿಂದ ಭೀಮನ ಹಕ್ಕು ಬೀಳುತ್ತದೆ, ಅದರೊಡನೆ ರಾಮನದೂ. ಎಂದರೆ, ಯಂತ್ರವೂ ಕಾಲಾನುಕ್ರಮವನ್ನೇ ಪ್ರಮಾಣವಾಗಿ ಹಿಡಿಯಿತು. ೧೯೭೮ರಲ್ಲಿ ರೊನಾಲ್ಡ್ ಫೇಗಿನ್ ಈ ವಿಧಾನದ ಕುಂದೊಂದನ್ನು ತಿದ್ದಿದರು. ಇಂದಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಬೇರೆ ದಾರಿ ಹಿಡಿದಿದೆ: ಹಂಚುವ ಹಕ್ಕನ್ನು ಕೊಟ್ಟವನಿಗೇ ಮರಳಿ ಕೊಡಲು ಅದು ಬಿಡುವುದಿಲ್ಲ, ಅವಲಂಬಿತ ಅನುಮತಿಗಳಿದ್ದರೆ, 'ಕ್ಯಾಸ್ಕೇಡ್' ಎಂದು ಸ್ಪಷ್ಟವಾಗಿ ಹೇಳಿದ ಹೊರತು ಹಿಂತೆಗೆತವನ್ನೇ ನಿರಾಕರಿಸುತ್ತದೆ.

ಇಷ್ಟಾದರೂ ಮೂಲದಲ್ಲೊಂದು ದೌರ್ಬಲ್ಯ ಉಳಿಯಿತು. ಅನುಮತಿಯು ಕೋಷ್ಟಕಕ್ಕೆ ಅಂಟಿದೆಯೇ ಹೊರತು ಅದರೊಳಗಿನ ಮಾಹಿತಿಗಲ್ಲ. ಓದಲು ಮಾತ್ರ ಹಕ್ಕುಳ್ಳವನೂ ವೇತನದ ಪಟ್ಟಿಯನ್ನು ತನ್ನದೇ ಹೊಸ ಕೋಷ್ಟಕಕ್ಕೆ ನಕಲು ಮಾಡಿಕೊಂಡರೆ, ನಕಲಿಗೆ ಅವನೇ ಒಡೆಯ; ಯಾರಿಗೆ ಬೇಕಾದರೂ ತೋರಿಸಬಹುದು. ಮೂಲದ ಒಡೆಯನ ಹಿಂತೆಗೆತ ಅಲ್ಲಿಗೆ ಮುಟ್ಟದು. ಅವನಿಗೆ ಅರಿವಿಲ್ಲದೆಯೇ, ಅವನು ನಡೆಸುವ ಪ್ರೋಗ್ರಾಮಿನಲ್ಲಿ ಹುದುಗಿದ ಕಪಟಸೂಚನೆಯೂ ಇದೇ ಕೆಲಸವನ್ನು ಮಾಡೀತು. ಈ ಕಾರಣದಿಂದಲೇ ಅಮೆರಿಕದ ರಕ್ಷಣಾ ಇಲಾಖೆಯ ೧೯೮೫ರ ಮಾನದಂಡಗ್ರಂಥವು ವಿವೇಚನಾಧೀನ ರಕ್ಷಣೆಯನ್ನು 'ಸಿ' ವಿಭಾಗದಲ್ಲಿರಿಸಿ, ಅದಕ್ಕಿಂತ ಮೇಲಿನ 'ಬಿ' ವಿಭಾಗಕ್ಕೆ ಒಡೆಯನೂ ಸಡಿಲಿಸಲಾರದ ಕಡ್ಡಾಯ ನಿಯಂತ್ರಣವನ್ನು ವಿಧಿಸಿತು.