ಕ್ಯಾಮೆರಾಕ್ಕಿಂತ ಮೊದಲು ಬರುವ ನೋಟ

ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಈಚೆಗೆ ಒಂದು ತಕರಾರು ಕೇಳಿಬರುತ್ತಿದೆ. ಮಗನೋ ಮಗಳೋ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಾರೆ, ತೋಟದ ಕಡೆ ಹಾಯುವುದಿಲ್ಲ ಎಂಬುದೇ ಆ ತಕರಾರು. ಈ ಹುಚ್ಚು ಎಲ್ಲಿಂದ ಹತ್ತಿತೋ ಎಂದು ಹಿರಿಯರು ಕೇಳುತ್ತಾರೆ. ಎಷ್ಟೋ ಸಲ ಅದು ಅವರ ಮನೆಯಲ್ಲೇ ಹತ್ತಿರುತ್ತದೆ.

ಇದಕ್ಕೆ ನಮ್ಮ ಕಸುಬಿನವರೇ ಆದ ಒಬ್ಬರ ಉದಾಹರಣೆ ಇದೆ. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ಹಕ್ಕಿಗಳ ಛಾಯಾಚಿತ್ರಕ್ಕಾಗಿ ಕಾಡು ಅಲೆದರು; ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಪುಸ್ತಕ ಮಾಡಿದರು. ಅಂಡಮಾನಿಗೆ ಹೋಗಿಬಂದು ಪ್ರವಾಸ ಕಥನವನ್ನೂ ಬರೆದರು.

ಅವರ ತಂದೆ ಕುವೆಂಪು ದೇಶ ಸುತ್ತಿ ಹೆಸರಾದವರಲ್ಲ. ಆದರೆ ಕುಪ್ಪಳಿಯ ಬೆಟ್ಟ, ಕಾಡು, ಸೂರ್ಯೋದಯಗಳನ್ನು ಅವರಷ್ಟು ನಿಟ್ಟಿಸಿ ನೋಡಿದವರು ವಿರಳ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ತಿರುಗಾಟ ಅವರ ಕವಿತೆಗಳಿಗೆ ಬಂದಿದೆ. ಇನ್ನೊಬ್ಬ ಮಗನಿಗೆ ಅವರಿಟ್ಟ ಹೆಸರು ಕೋಕಿಲೋದಯ ಚೈತ್ರ. ಮಗುವಿನ ಹೆಸರಿನಲ್ಲೇ ಕೋಗಿಲೆ ಕೂಗುವ ಮನೆಯಲ್ಲಿ ಬೆಳೆದವರ ಕಿವಿ, ಕಣ್ಣು ಹಕ್ಕಿಯ ಕಡೆ ಹೊರಳಿದ್ದರಲ್ಲಿ ಆಶ್ಚರ್ಯವೇನು?

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಅಂಥವರ ಮಗ ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾಗದೆ ತೋಟ ಮಾಡಲು ಹೊರಟರೂ ತಂದೆ-ಮಗನ ಸಂಬಂಧ ಕೆಡಲಿಲ್ಲ. 1966ರಲ್ಲಿ ಮಗನ ಮದುವೆ ನಡೆದದ್ದು ತಂದೆಯೇ ರೂಪಿಸಿದ ಸರಳ ‘ಮಂತ್ರ ಮಾಂಗಲ್ಯ’ದ ಕ್ರಮದಲ್ಲಿ. ಮುಂದೆ ಆ ಮಗನೇ ‘ಅಣ್ಣನ ನೆನಪು’ ಬರೆದು ತಂದೆಯನ್ನು ನಾಡಿಗೆ ತೋರಿಸಿದ. ತನ್ನ ದಾರಿ ತಾನೇ ಹಿಡಿಯಲು ಬಿಟ್ಟ ಮನೆಯದು.

ಆಗಿನದು ಫಿಲ್ಮಿನ ಕಾಲ. ಒಂದು ಸುರುಳಿಗೆ 36 ಚಿತ್ರ. ತೊಳೆಸಿ ತರುವ ತನಕ ಬಂದಿದೆಯೋ ಇಲ್ಲವೋ ತಿಳಿಯದು. ಗುಂಡಿ ಒತ್ತುವ ಮುನ್ನ ಕಾಯಲೇಬೇಕು. ಈಗ ಮೊಬೈಲಿನಲ್ಲಿ ನೂರು ಒತ್ತಿದರೂ ಖರ್ಚಿಲ್ಲ. ಹಾಗೆಂದೇ ಕಾಯುವ ಗುಣವನ್ನು ಮನೆಯಲ್ಲೇ ಕಲಿಸಬೇಕಾಗಿದೆ. ದುಬಾರಿ ಲೆನ್ಸಿಗೆ ಅಡಿಕೆಯ ದುಡ್ಡು ಸುರಿಯಿರೆಂದು ನಾನಂತೂ ಯಾರಿಗೂ ಹೇಳುವವನಲ್ಲ.

ನಮ್ಮ ಸೀಮೆಯಲ್ಲಿ ನೋಡುವುದಕ್ಕೇನು ಬರವಿದೆ? ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ ಕೂಸು ಕಣ್ಣು ಬಿಟ್ಟರೆ ಕಾಣುವುದೇ ಪುರಾಣದ ಚಿತ್ರ. ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯಿದೆ, ಕುಂದಗೋಳದಲ್ಲಿ ಶಂಭುಲಿಂಗನ ಗುಡಿಯಿದೆ. ಅಣ್ಣಿಗೇರಿಯಿಂದ ಗದಗ ದಾಟಿ ಹೋದರೆ ಮಾಗಡಿ ಕೆರೆ. 1997ರವರೆಗೆ ಅದೂ ನಮ್ಮ ಧಾರವಾಡ ಜಿಲ್ಲೆಯದೇ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಅದೇ ಹೊತ್ತಿಗೆ ಬೀಳುವುದೊಂದು ತೊಡಕು. ಆದರೂ ಒಂದು ಭಾನುವಾರ ಆಳುಗಳಿಗೆ ರಜೆ ಇದ್ದೇ ಇರುತ್ತದೆ. ಬುತ್ತಿ ಕಟ್ಟಿಕೊಂಡು ನಸುಕಿಗೇ ಹೊರಟರೆ ಬಿಸಿಲೇರುವುದರೊಳಗೆ ಕೆರೆಯ ದಂಡೆಯಲ್ಲಿರಬಹುದು.