ಎಳೆಯುವ ಬಲ ಬೇರೆ, ಹೊರುವ ಬಲ ಬೇರೆ

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೊತ್ತು ಬರುವ ಮಹೀಂದ್ರಾ ಬೊಲೆರೊ ಪಿಕಪ್‌ನಲ್ಲಿ ಇರುವುದು 2.5 ಲೀಟರಿನ ಡೀಸೆಲ್ ಎಂಜಿನ್. ಅದರ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 200 ನ್ಯೂಟನ್ ಮೀಟರ್ ಆಸುಪಾಸು. ಮಾದರಿಗೆ ತಕ್ಕಂತೆ 1.3ರಿಂದ 2 ಟನ್‌ವರೆಗೆ ಹೊರೆ ಹೇರಬಹುದು ಎಂದು ಕಂಪನಿ ಹೇಳುತ್ತದೆ. ಅಮೆರಿಕದ ಫೋರ್ಡ್ ಎಫ್-250 ಪಿಕಪ್‌ಗೆ 6.7 ಲೀಟರಿನ ವಿ8 ಡೀಸೆಲ್ ಎಂಜಿನ್ ಹಾಕಿಸಿದರೆ ಟಾರ್ಕ್ 1,400 ನ್ಯೂಟನ್ ಮೀಟರ್ ದಾಟುತ್ತದೆ. ಬೊಲೆರೊದ ಏಳು ಪಟ್ಟು. ನಾಲ್ಕು ಬಾಗಿಲು, ಚರ್ಮದ ಸೀಟು, ಫೋರ್ ವ್ಹೀಲ್ ಡ್ರೈವ್ ಎಲ್ಲ ಸೇರಿ ಬೆಲೆ 80 ಸಾವಿರ ಡಾಲರ್ ಮೀರುವುದೂ ಉಂಟು. ಇಂಥ ಗಾಡಿ ತನ್ನ ಬೆನ್ನ ಮೇಲೆ ಹೊರಬಹುದಾದ ತೂಕ ಎಷ್ಟು? ಅನೇಕ ಸಲ ಒಂದು ಟನ್‌ಗಿಂತ ತುಸು ಹೆಚ್ಚು, ಅಷ್ಟೆ.

ಈ ಲೆಕ್ಕ ಕೇಳಿ ಬೆಚ್ಚುವವರಲ್ಲಿ ಅಮೆರಿಕದ ಗ್ರಾಹಕರೂ ಇದ್ದಾರೆ. ಅಲ್ಲಿ ಪಿಕಪ್ ಕೊಳ್ಳುವವರು ನೋಡುವುದು ಎಳೆಯುವ ಸಾಮರ್ಥ್ಯವನ್ನು. ಹಿಂದೆ ಟ್ರೇಲರ್ ಕಟ್ಟಿ ದೋಣಿ, ಕುದುರೆ, ಪುಟ್ಟ ಜೆಸಿಬಿ, ಕಡೆಗೆ ಅಡುಗೆಮನೆ ಬಚ್ಚಲುಮನೆ ಸಮೇತ ಇಡೀ ಮನೆಯನ್ನೇ ಎಳೆದುಕೊಂಡು ಹೋಗುವ ದೇಶ ಅದು. ಹಾಗಾಗಿ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಮೆರೆಯುವುದು ಎಳೆಯುವ ಅಂಕಿ. ಹೊರುವ ಅಂಕಿ ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಅಂಗೈಯಗಲದ ಚೀಟಿಯಲ್ಲಿ ಉಳಿದುಬಿಡುತ್ತದೆ. ಭಾರೀ ಪಿಕಪ್ ಆರಿಸುವಾಗ ಜನ ಎಡವುವುದು ಬಹುಪಾಲು ಇಲ್ಲೇ.

ಮೊದಲು ಹೆಸರುಗಳ ಗೋಜಲು ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಪಿಕಪ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಕರೆಯುವುದು ರೂಢಿ. ಫೋರ್ಡ್ ಎಫ್-150, ರಾಮ್ 1500, ಷೆವರ್ಲೆ ಸಿಲ್ವರಾಡೊ 1500 ಅರ್ಧ ಟನ್‌ನವು. ಎಫ್-250, ರಾಮ್ 2500, ಸಿಲ್ವರಾಡೊ 2500 ಮುಕ್ಕಾಲು ಟನ್. ಎಫ್-350 ಹಾಗೂ ಉಳಿದೆರಡು ಕಂಪನಿಗಳ 3500 ಮಾದರಿಗಳು ಒಂದು ಟನ್. ಇದು ಅಜ್ಜಂದಿರ ಕಾಲದ ಅಳತೆ. ಆಗ ಗಾಡಿ ನಿಜಕ್ಕೂ ಅಷ್ಟೇ ಹೊರುತ್ತಿತ್ತು. ಈಗಿನ 'ಅರ್ಧ ಟನ್' ಗಾಡಿ ಮುಕ್ಕಾಲು ಟನ್ ಮೀರಿ ಹೊರುವುದೂ ಇದೆ. ಹೆಸರು ಉಳಿದಿದೆ, ಅರ್ಥ ಹೋಗಿದೆ. 'ಹೆವಿ ಡ್ಯೂಟಿ' ಎನಿಸಿಕೊಳ್ಳುವುದು ಮುಕ್ಕಾಲು ಟನ್‌ನಿಂದ ಮೇಲಿನವು.

ಈ ಪಿಕಪ್‌ಗಳ ವಂಶಾವಳಿ ಉದ್ದದ್ದು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಕಾರ್ಖಾನೆಯಲ್ಲೇ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. 1948ರಲ್ಲಿ ಎಫ್ ಸರಣಿ ಬಂತು. ಆದರೆ ಭಾರ ಎಳೆಯುವ ಇವತ್ತಿನ ಪೈಪೋಟಿ ಬಿಸಿಯೇರಿದ್ದು 1989ರಲ್ಲಿ. ಆ ವರ್ಷ ಡಾಜ್ (ಇಂದಿನ ರಾಮ್) ಕಂಪನಿ ತನ್ನ ಪಿಕಪ್‌ಗೆ ಕಮ್ಮಿನ್ಸ್‌ನ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಇಟ್ಟಿತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಜನರೇಟರ್ ಮೇಲೆ ಕಾಣುವ ಕಮ್ಮಿನ್ಸ್ ಹೆಸರೇ ಅದು. ಆಗ ಅದರ ಶಕ್ತಿ 160 ಅಶ್ವಶಕ್ತಿ, ಟಾರ್ಕ್ ಸುಮಾರು 540 ನ್ಯೂಟನ್ ಮೀಟರ್. ಅಲ್ಲಿಂದ ಮೂರೂ ಕಂಪನಿಗಳು ಒಂದನ್ನೊಂದು ಹಿಂದೆ ಹಾಕುತ್ತ ಬಂದವು. 2021ರ ರಾಮ್ 3500ರ ಎಳೆಯುವ ಮಿತಿ 37,090 ಪೌಂಡ್, ಅಂದರೆ ಹದಿನಾರೂಮುಕ್ಕಾಲು ಟನ್‌ಗೂ ಹೆಚ್ಚು. 2023ರಲ್ಲಿ ಫೋರ್ಡ್ ಎಫ್-450 ಅದನ್ನು 40,000 ಪೌಂಡ್‌ಗೆ, ಅಂದರೆ 18 ಟನ್‌ಗೆ ಏರಿಸಿತು.

ಈ ದಾಖಲೆ ಬರೆಯುವ ಗಾಡಿ ಸಾಮಾನ್ಯವಾಗಿ ಒಂದೇ ಸಾಲು ಸೀಟಿನದು, ಫೋರ್ ವ್ಹೀಲ್ ಡ್ರೈವ್ ಇಲ್ಲದ್ದು, ಹಿಂದೆ ಜೋಡಿ ಟೈರಿನದು. ಸಂಸಾರಸ್ಥರು ಕೊಳ್ಳುವ ಮಾದರಿಗೂ ಅದಕ್ಕೂ ಕೂಡಿಬರುವುದು ಹೆಸರೊಂದೇ.

ಒಂದು ಕಾಲಕ್ಕೆ ಎಳೆಯುವ ಅಂಕಿಯನ್ನು ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಲೆಕ್ಕ ಹಾಕುತ್ತಿತ್ತು. ಅದಕ್ಕೆ ಕಡಿವಾಣ ಹಾಕಿದ್ದು ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ ಜೆ2807 ಎಂಬ ಮಾನದಂಡ. ಮೊದಲು ಒಪ್ಪಿಕೊಂಡದ್ದು ಟೊಯೋಟಾ, 2011ರ ಟಂಡ್ರಾ ಮಾದರಿಗೆ. ಅಮೆರಿಕದ ಮೂರು ಕಂಪನಿಗಳು 2015ರ ಮಾದರಿಗಳ ಹೊತ್ತಿಗೆ ಅರ್ಧ ಟನ್ ಗಾಡಿಗಳಲ್ಲಿ ಅದೇ ದಾರಿಗೆ ಬಂದವು. ಈ ಪರೀಕ್ಷೆಯ ಏರು ಇರುವುದು ಅರಿಜೋನಾದ ಮರುಭೂಮಿಯಲ್ಲಿ, ಡೇವಿಸ್ ಅಣೆಕಟ್ಟಿನ ಬಳಿ. ಸುಮಾರು 18 ಕಿಲೋಮೀಟರ್ ದೂರದಲ್ಲಿ ರಸ್ತೆ 900 ಮೀಟರ್‌ನಷ್ಟು ಮೇಲೇರುತ್ತದೆ. ಹೊರಗೆ ಉರಿಬಿಸಿಲು, ಒಳಗೆ ಎಸಿ ಪೂರ್ತಿ ಚಾಲೂ. ಪೂರ್ಣ ಭಾರದ ಟ್ರೇಲರ್ ಕಟ್ಟಿಕೊಂಡು ಹತ್ತುವಾಗ ವೇಗ ಗಂಟೆಗೆ 40 ಮೈಲಿಗಿಂತ ಇಳಿಯಕೂಡದು. ಜೋಡಿ ಟೈರಿನ ಗಾಡಿಗೆ ಐದು ಮೈಲಿ ರಿಯಾಯಿತಿ. ಎಂಜಿನ್ ಕುದಿಯಬಾರದು. ಇಷ್ಟು ದಾಟಿದ ಅಂಕಿಯನ್ನು ನಂಬಬಹುದು. ಆದರೂ ಅದು ಎಳೆತದ ಅಂಕಿ ಮಾತ್ರ.

ಟ್ರೇಲರ್ ಕಟ್ಟಿದಾಗ ಅದರ ಭಾರವೆಲ್ಲ ಅದರ ಚಕ್ರಗಳ ಮೇಲೇ ಇರುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ: ಹೊರೆ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ನೊಗ ಎತ್ತಿನ ಕತ್ತಿಗೆ ಒತ್ತುತ್ತದೆ. ಪಿಕಪ್‌ನ ಹಿಂದಿನ ಬಂಪರ್ ಕೆಳಗಿನ ಕೊಂಡಿಗೆ ಕಟ್ಟುವ ಟ್ರೇಲರ್‌ನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಆ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡಿ, ಕೊನೆಗೆ ಎಳೆಯುವ ಗಾಡಿಯನ್ನೂ ಉರುಳಿಸಬಲ್ಲದು. ಇನ್ನೂ ಭಾರದ ಟ್ರೇಲರ್‌ಗಳನ್ನು ಪಿಕಪ್‌ನ ತೊಟ್ಟಿಯ ನಡುವೆ, ಹಿಂದಿನ ಆ್ಯಕ್ಸಲ್‌ನ ನೆತ್ತಿಗೇ ಕೂರಿಸುತ್ತಾರೆ. ಫಿಫ್ತ್ ವ್ಹೀಲ್, ಗೂಸ್‌ನೆಕ್ ಎಂದು ಇವಕ್ಕೆ ಹೆಸರು. ಓಡಿಸುವಾಗ ಇವು ಹೆಚ್ಚು ಸ್ಥಿರ. ಆದರೆ ಟ್ರೇಲರ್ ತೂಕದ ನೂರಕ್ಕೆ 15ರಿಂದ 25 ಪಾಲು ನೇರ ಪಿಕಪ್‌ನ ಬೆನ್ನೇರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಜನರ ಸಂಸಾರ 14,000 ಪೌಂಡ್ ತೂಗುವ, ಅಂದರೆ 6,350 ಕಿಲೋದ, ಫಿಫ್ತ್ ವ್ಹೀಲ್ ಮನೆಗಾಡಿ ಕೊಂಡಿತೆನ್ನಿ. ಮುಕ್ಕಾಲು ಟನ್ ಡೀಸೆಲ್ ಪಿಕಪ್‌ನ ಕೈಪಿಡಿ ಒಂಬತ್ತು ಟನ್ ಎಳೆಯಬಹುದು ಎನ್ನುತ್ತದೆ. ಇನ್ನೇನು ಬೇಕು ಅನ್ನಿಸುತ್ತದೆ. ಈಗ ಬೆನ್ನಿನ ಲೆಕ್ಕ: ಟ್ರೇಲರ್ ತೂಕದ ಐದನೇ ಒಂದು ಪಾಲು, 1,270 ಕಿಲೋ. ನಾಲ್ವರು ಜನ, 300 ಕಿಲೋ. ಕೊಂಡಿಯ ಕಬ್ಬಿಣ, 90. ಜನರೇಟರ್, ಸೌದೆ, ಹತಾರಗಳು ಸೇರಿ 100. ಒಟ್ಟು 1,760 ಕಿಲೋ. ಇಂಥ ಪಿಕಪ್‌ನ, ಹೊರೆಯೂ ಸೇರಿದ, ಒಟ್ಟು ತೂಕದ ಮಿತಿ ಅನೇಕ ಮಾದರಿಗಳಲ್ಲಿ 10,000 ಪೌಂಡ್, ಅಂದರೆ 4,536 ಕಿಲೋ. ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಫೋರ್ ವ್ಹೀಲ್ ಡ್ರೈವ್ ಸೇರಿ ಖಾಲಿ ಗಾಡಿಯೇ ಮೂರೂವರೆ ಟನ್ ತೂಗಿದರೆ ಹೊರಲು ಉಳಿಯುವುದು ಸಾವಿರ ಕಿಲೋ ಚಿಲ್ಲರೆ. ಏಳುನೂರು ಕಿಲೋ ಮಿತಿಮೀರಿದ ಹೊರೆ ಹೊತ್ತು ಆ ಸಂಸಾರ ರಜೆಗೆ ಹೊರಟಂತಾಯಿತು. ಎಂಜಿನ್ ಮುಗ್ಗರಿಸುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಏಟು ತಿನ್ನುವುದು ಟೈರು, ಸ್ಪ್ರಿಂಗು, ಆ್ಯಕ್ಸಲ್ ಮತ್ತು ಬ್ರೇಕು.

ಇದೇ ಹೊರೆಗೆ ಒಂಟಿ ಟೈರಿನ ಒಂದು ಟನ್ ಗಾಡಿ ಅಂಚಿಗೆ ಬಂದು ನಿಲ್ಲುತ್ತದೆ. ಹಿಂದೆ ಎರಡೂ ಬದಿಗೆ ಜೋಡಿ ಟೈರಿರುವ 'ಡ್ಯೂಯಲಿ' ಗಾಡಿ ಎರಡು ಟನ್‌ಗೂ ಮಿಕ್ಕಿ ಹೊರುತ್ತದೆ, ಅಡ್ಡಗಾಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕಷ್ಟವೆಂದರೆ ಅದರ ಸೊಂಟ ಅಗಲ. ಪಾರ್ಕಿಂಗ್ ಜಾಗ, ಬ್ಯಾಂಕಿನ ಡ್ರೈವ್-ಥ್ರೂ, ಕಿರಿದಾದ ಊರಬೀದಿ ಎಲ್ಲೆಡೆ ತೊಡಕು. ಕೊಳ್ಳಬೇಕಾದ ಟೈರು ಆರು. ಭಾರದ ಟ್ರೇಲರ್ ಇಲ್ಲದವರಿಗೆ ಅದು ಬರೀ ಡೌಲು.

ಪೆಟ್ರೋಲೊ ಡೀಸೆಲೊ ಎಂಬುದು ಮುಂದಿನ ಪ್ರಶ್ನೆ. ಡೀಸೆಲ್ ಎಂಜಿನ್ನಿಗೆ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು ತೆರಬೇಕು. ಅದರ ತೂಕವೂ ಹೆಚ್ಚು. ಒಟ್ಟು ಮಿತಿ ಅಷ್ಟೇ ಇದ್ದರೆ ಎಂಜಿನ್ ತಿಂದ ತೂಕವನ್ನು ಹೊರುವ ತೂಕದಿಂದಲೇ ಕಳೆಯಬೇಕು. ಹಾಗಾಗಿ ಎಷ್ಟೋ ಸಲ ಕಡಿಮೆ ಬೆಲೆಯ ಪೆಟ್ರೋಲ್ ಗಾಡಿಯೇ ಬೆನ್ನ ಮೇಲೆ ಹೆಚ್ಚು ಹೊರುತ್ತದೆ. ಇಟ್ಟಿಗೆ, ಸಿಮೆಂಟು, ಪೈಪು ಹೇರಿಕೊಂಡು ಊರೊಳಗೇ ತಿರುಗುವ ಗುತ್ತಿಗೆದಾರರಿಗೆ ಫೋರ್ಡ್‌ನ 7.3 ಲೀಟರ್ ಅಥವಾ ಜನರಲ್ ಮೋಟಾರ್ಸ್‌ನ 6.6 ಲೀಟರ್ ಪೆಟ್ರೋಲ್ ಎಂಜಿನ್ ಸಾಕು. ಇಂಥ ಚಿಕ್ಕ ಓಡಾಟದಲ್ಲಿ ಡೀಸೆಲ್ ಗಾಡಿಯ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಳ್ಳುವ ತಾಪತ್ರಯವೂ ಇದೆ. ನಮ್ಮ ಬಿಎಸ್6 ಲಾರಿ ಮಾಲೀಕರಿಗೆ ಚೆನ್ನಾಗಿ ಗೊತ್ತಿರುವ, ಹೊಗೆ ಶುದ್ಧಿಗೆ ಬಳಸುವ ಡಿಇಎಫ್ ದ್ರವದ ಖರ್ಚು ಅಲ್ಲೂ ತಪ್ಪಿದ್ದಲ್ಲ.

ಡೀಸೆಲ್ ತನ್ನ ಬೆಲೆಗೆ ನ್ಯಾಯ ಒದಗಿಸುವುದು ಬೆಟ್ಟದಲ್ಲಿ. ಕೊಲರಾಡೊದ ಇಂಟರ್‌ಸ್ಟೇಟ್ 70 ಹೆದ್ದಾರಿ ರಾಕಿ ಪರ್ವತವನ್ನು ಐಸೆನ್‌ಹೋವರ್ ಸುರಂಗದ ಮೂಲಕ ದಾಟುತ್ತದೆ. ಎತ್ತರ 3,400 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ 1,400 ಮೀಟರ್‌ಗೂ ಹೆಚ್ಚು. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಮೂರನೇ ಒಂದು ಪಾಲನ್ನು ಹತ್ತಿರ ಹತ್ತಿರ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಡೀಸೆಲ್ ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅಷ್ಟು ಸೊರಗುವುದಿಲ್ಲ. ಇಳಿಯುವಾಗಿನ ಉಪಕಾರ ಇನ್ನೂ ದೊಡ್ಡದು. ಎಕ್ಸಾಸ್ಟ್ ಬ್ರೇಕ್ ಗುಂಡಿ ಒತ್ತಿದರೆ ಹೊಗೆ ಹೋಗುವ ದಾರಿ ಕಿರಿದಾಗಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಚಕ್ರದ ಬ್ರೇಕು ಕಾದು ಸೋಲುವ ಭಯ ಕಡಿಮೆಯಾಗುತ್ತದೆ. ಏಳೆಂಟು ಟನ್ ಟ್ರೇಲರ್ ಬೆನ್ನಟ್ಟಿ ಬರುವಾಗ ಹತ್ತುವ ಶಕ್ತಿಗಿಂತ ನಿಲ್ಲುವ ಶಕ್ತಿಯೇ ದೊಡ್ಡದು.

ಭಾರದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು. ಎಷ್ಟು ತೂಕದಿಂದ ಮೇಲೆ ಕಡ್ಡಾಯ ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಬಹಳ ಕಡೆ 3,000 ಪೌಂಡ್. ವ್ಯಾಪಾರಕ್ಕೆ ಓಡಿಸುವವರು ಲೈಸೆನ್ಸ್ ಕಡೆಗೂ ಗಮನ ಕೊಡಬೇಕು: ಗಾಡಿ, ಟ್ರೇಲರ್ ಎರಡರ ಮಿತಿ ಕೂಡಿ 26,001 ಪೌಂಡ್ ಮುಟ್ಟಿ, ಟ್ರೇಲರ್‌ನದೇ 10,000 ಪೌಂಡ್ ಮೀರಿದರೆ ಲಾರಿ ಡ್ರೈವರುಗಳ ಲೈಸೆನ್ಸೇ ಬೇಕು.

ಲೆಕ್ಕ ಸರಿಯೋ ತಪ್ಪೋ ತಿಳಿಯಲು ಅಮೆರಿಕದಲ್ಲಿ ಸುಲಭದ ದಾರಿ ಇದೆ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ 'ಕ್ಯಾಟ್ ಸ್ಕೇಲ್' ಎಂಬ ವೇಬ್ರಿಡ್ಜ್‌ಗಳಿವೆ. 1977ರಲ್ಲಿ ಅಯೋವಾದಲ್ಲಿ ಶುರುವಾದ ಕಂಪನಿ ಅದು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ಗಿಂತ ಇದು ಕೊಂಚ ಭಿನ್ನ. ನೆಲದಲ್ಲಿ ಬೇರೆ ಬೇರೆ ಕಬ್ಬಿಣದ ಹಾಸುಗಳಿರುತ್ತವೆ. ಪಿಕಪ್‌ನ ಮುಂದಿನ ಚಕ್ರ ಮೊದಲ ಹಾಸಿನ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್ ಚಕ್ರ ಮೂರನೆಯದರ ಮೇಲೆ ಬರುವಂತೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ಕೈಚಾಚಿ ಕಂಬದ ಗುಂಡಿ ಒತ್ತಬೇಕು. ಯಾವ ಆ್ಯಕ್ಸಲ್ ಮೇಲೆ ಎಷ್ಟು ಎಂದು ಬಿಡಿಬಿಡಿಯಾಗಿ ಅಚ್ಚಾದ ಚೀಟಿ ಕೈಗೆ ಬರುತ್ತದೆ. ಟ್ರೇಲರ್ ಬಿಚ್ಚಿಟ್ಟು ಇನ್ನೊಮ್ಮೆ ತೂಗಿದರೆ ಬೆನ್ನ ಮೇಲೆ ಬಿದ್ದ ಭಾರ ಎಷ್ಟೆಂದು ಕಳೆಯುವ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಅಮೆರಿಕದಲ್ಲಿ ನೆಲೆಸಿ ಇಂಥ ಗಾಡಿ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರು ಹಿಡಿಯಬೇಕಾದ ಕ್ರಮ ಹೀಗೆ. ಮೊದಲು ಟ್ರೇಲರ್ ಯಾವುದೆಂದು ತೀರ್ಮಾನಿಸಿ, ಅದರ ಖಾಲಿ ತೂಕ ಬಿಟ್ಟು ತುಂಬಿದ ತೂಕ ಹಿಡಿಯಿರಿ. ಬಂಪರ್ ಕೊಂಡಿಯದಾದರೆ ಅದರ ನೂರಕ್ಕೆ 15, ಫಿಫ್ತ್ ವ್ಹೀಲ್ ಆದರೆ ನೂರಕ್ಕೆ 20ರಿಂದ 25 ತೆಗೆದುಕೊಳ್ಳಿ. ಅದಕ್ಕೆ ಮನೆಮಂದಿ, ಕೊಂಡಿ, ಸಾಮಾನು ಕೂಡಿಸಿ. ಆಮೇಲೆ ಷೋರೂಮಿಗೆ ಹೋಗಿ. ನೀವು ಕೊಳ್ಳಲಿರುವ ಅದೇ ಗಾಡಿಯ ಡ್ರೈವರ್ ಬಾಗಿಲು ತೆರೆದರೆ ಹಳದಿ ಬಣ್ಣದ ಗುರುತಿನ ಚೀಟಿಯಲ್ಲಿ ಜನ ಮತ್ತು ಸರಕು ಸೇರಿ ಇಷ್ಟನ್ನು ಮೀರಬಾರದು ಎಂದು ಕಿಲೋ, ಪೌಂಡ್ ಎರಡರಲ್ಲೂ ಬರೆದಿರುತ್ತದೆ. 10,000 ಪೌಂಡ್ ಮಿತಿ ಮೀರಿದ ಗಾಡಿಗೆ ಈ ಚೀಟಿ ಕಡ್ಡಾಯವಲ್ಲ. ಅಲ್ಲಿ ಒಟ್ಟು ಮಿತಿಯಿಂದ ಖಾಲಿ ತೂಕ ಕಳೆದುಕೊಳ್ಳಬೇಕು. ನಿಮ್ಮ ಮೊತ್ತ ಚೀಟಿಯ ಅಂಕಿಗಿಂತ ಹೆಚ್ಚಿದ್ದರೆ ಮಾರುವವನು ಎಷ್ಟೇ ಟನ್ ಎಳೆತದ ಮಾತಾಡಿದರೂ ಆ ಗಾಡಿ ನಿಮ್ಮ ಟ್ರೇಲರ್‌ಗೆ ಸಾಲದು. ಒಂದು ಮೆಟ್ಟಿಲು ಮೇಲಿನ ಗಾಡಿ ಕೊಳ್ಳಿ, ಇಲ್ಲವೇ ಟ್ರೇಲರನ್ನೇ ಚಿಕ್ಕದು ಮಾಡಿಕೊಳ್ಳಿ.