ಚರಗ ಚೆಲ್ಲೋ ಹೊಲಕ್ಕೆ ಬೆಂಕಿ ಹಚ್ಚಬೇಡಿ

ಡಿಸೆಂಬರ್ 23 ಬಂತಂದ್ರೆ ನಮ್ಮೆಲ್ಲರ ಮೊಬೈಲ್ ತುಂಬ ರೈತರ ದಿನದ ಶುಭಾಶಯ. ಅವತ್ತು ಮಾಜಿ ಪ್ರಧಾನಿ ಚೌಧರಿ ಚರಣ್ ಸಿಂಗ್ ಹುಟ್ಟಿದ ದಿನ (1902). ಉತ್ತರ ಪ್ರದೇಶದಲ್ಲಿ ಜಮೀನ್ದಾರಿ ಪದ್ಧತಿ ತೆಗೆಯಲು ದುಡಿದವರು ಅವರು. 2001ರಿಂದ ಅದು ರಾಷ್ಟ್ರೀಯ ರೈತರ ದಿನ. ಅನ್ನ ಬೆಳೆಯೋರನ್ನು ದೇಶ ನೆನೆಯುವ ದಿನ.

ಆದ್ರೆ ರೈತ ಯಾರನ್ನು ನೆನೆಯಬೇಕು? ಅದಕ್ಕೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬೇರೆ ದಿನವೇ ಇದೆ. ಮಾರ್ಗಶಿರದ ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ. ರೈತರ ದಿನದ ಆಸುಪಾಸಿನಲ್ಲೇ ಬರುತ್ತೆ.

ಕುರುಗೋಡು ಕಡೆ ನಮ್ಮ ಸೋದರಮಾವನ ಎರೆ ಹೊಲ ಇದೆ. ಚಿಕ್ಕವನಿದ್ದಾಗ ಬಂಡಿ ಕಟ್ಟಿಕೊಂಡು ಹೋಗ್ತಿದ್ವಿ, ಈಗ ಟ್ರ್ಯಾಕ್ಟರ್. ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲುತ್ತೇವೆ. ಅದೇ ಚರಗ. ಬೆಳೆ ನಿಂತ ಭೂಮಿ ಬಸುರಿ ಇದ್ದಂಗೆ, ಆಕೆಯ ಬಯಕೆ ತೀರಿಸಬೇಕು ಅಂತಾರೆ ಹಿರಿಯರು.

ನಮ್ಮದು ಸಿರುಗುಪ್ಪ ಕಡೆ, ತುಂಗಭದ್ರಾ ಕಾಲುವೆ ನೀರಿನ ಭತ್ತದ ಗದ್ದೆ. ತೋಟಗಾರಿಕೆ ಪದವಿ ಮುಗಿಸಿ ಬಂದ ಮೊದಲ ವರ್ಷ, ಎರಡನೇ ಬೆಳೆಯ ಅವಸರಕ್ಕೆ ನಾಲ್ಕು ಎಕರೆ ಹುಲ್ಲಿಗೆ ಬೆಂಕಿ ಇಟ್ಟೆ. ವಾರಕ್ಕೆ ಎಳ್ಳಮಾಸಿ. ಅಜ್ಜಿ ಚರಗದ ಬುಟ್ಟಿ ಹಿಡಿದು ಬದುವಿನ ಮೇಲೇ ನಿಂತುಬಿಟ್ಟಳು. "ಹೊಟ್ಟೆ ಸುಟ್ಟು ಈಗ ಉಣ್ಣು ಅಂದ್ರೆ ಹೆಂಗ್ ಉಣ್ತಾಳೋ ತಮ್ಮಾ?"

ಓದಿದವನು ನಾನು, ಬಾಯಿ ಬರಲಿಲ್ಲ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕೆಜಿ ಸಾರಜನಕ, 12ರಿಂದ 17 ಕೆಜಿ ಪೊಟ್ಯಾಸಿಯಂ ಇರುತ್ತೆ. ಸುಟ್ಟರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಪಾಲು. ಆಮೇಲೆ ಅದೇ ಸಾರಜನಕಕ್ಕೆ ಯೂರಿಯಾ ಅಂಗಡಿ ಮುಂದೆ ಕ್ಯೂ.

ಮರುವರ್ಷ ಹುಲ್ಲನ್ನು ಮಣ್ಣಿಗೇ ಸೇರಿಸಿದೆ. ಆದ್ರೆ ವಾರದೊಳಗೆ ನಾಟಿ ಮಾಡಿ ತಪ್ಪು ಮಾಡಿದೆ, ಪೈರು ಹಳದಿಯಾಯ್ತು. ಹುಲ್ಲು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಹಿಡಿದಿಟ್ಟುಕೊಳ್ಳುತ್ತವೆ. ಈಗ ಹೀಗೆ ಮಾಡ್ತೀನಿ:

• ಕಟಾವು ಮಷಿನ್ ಬಿಟ್ಟ ಹುಲ್ಲನ್ನು ಗದ್ದೆ ತುಂಬ ಸಮನಾಗಿ ಹರಡೋದು.
• ನೀರು ಹಾಯಿಸಿ, ಎಕರೆಗೆ 200 ಲೀಟರ್ ಜೀವಾಮೃತ ಕೊಟ್ಟು ರೋಟಾವೇಟರ್ ಹೊಡೆಯೋದು.
• ಎರಡು-ಮೂರು ವಾರ ಕಾದು ನಾಟಿ.
• ಅಷ್ಟು ಟೈಮ್ ಇಲ್ಲದ ಗದ್ದೆಯ ಹುಲ್ಲು ದನಕ್ಕೆ, ಇಲ್ಲವೇ ತರಕಾರಿ ಸಾಲಿನ ಮುಚ್ಚಿಗೆಗೆ.

ಬಳ್ಳಾರಿ ನಗರದಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಗೇ ಒಂದು ಸಂಶೋಧನಾ ಕೇಂದ್ರ ಇದೆ, ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನಿಮ್ಮ ಗದ್ದೆಗೆ ಏನು ಹೊಂದುತ್ತೆ ಅಂತ ಒಮ್ಮೆ ಹೋಗಿ ಕೇಳಿ.

ಬೆಂಕಿ ನಿಲ್ಲಿಸಿದ ಮೂರನೇ ವರ್ಷ ಬದುವಿನ ಪಕ್ಕ ಅಗೆದಾಗ ಎರೆಹುಳ ಕಂಡವು. ಆ ಎಳ್ಳಮಾಸಿಗೆ ಅಜ್ಜಿ ಗದ್ದೆಗಿಳಿದು ತಾನೇ ಚರಗ ಚೆಲ್ಲಿದಳು. ಈ ಸಲ ನಿಮ್ಮ ಹುಲ್ಲು ಇನ್ನೂ ಗದ್ದೆಯಲ್ಲೇ ಬಿದ್ದಿದ್ರೆ, ಕಡ್ಡಿ ಗೀರೋ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ.